ಅವನನ್ನು ಏನಂತ ಹೇಳಲಿ ಅಂದೆಯಲ್ಲ

ಪುಟ್ಟಿ,

ನಿನ್ನೆ ಫೋನಿನಲ್ಲಿ ಅವನ ಸುದ್ದಿ ತೆಗೆದಾಗ "ನನ್ನ..." ಅಂದು ತಡವರಿಸಿ, ಕೊನೆಗೆ "ಪಾರ್ಟ್‌ನರ್" ಅಂದೆ. ವ್ಯಾಪಾರದಲ್ಲಿ ಪಾಲು ಹಾಕಿದವನೇನೋ ಅನ್ನಿಸಿ ನಾನು ನಕ್ಕೆ, ನೀನು ಮುನಿಸಿಕೊಂಡೆ. ಫೋನ್ ಇಟ್ಟ ಮೇಲೆ ಹೊಳೆಯಿತು: 30 ವರ್ಷವಾದರೂ ನಾನೂ ತಡವರಿಸುತ್ತಲೇ ಇದ್ದೇನೆ.

ಎದುರಿಗೆ "ರೀ". ಬೇರೆಯವರ ಮುಂದೆ "ನಮ್ಮನೆಯವರು". "ಯಜಮಾನರು" ಅನ್ನುವುದನ್ನು ಬಿಟ್ಟು ಬಹಳ ಕಾಲವಾಯಿತು. ಆ ಪದ ಮೂಲದಲ್ಲಿ ಯಜ್ಞ ಮಾಡಿಸುವವನದು, ನಮ್ಮ ಬಾಯಿಗೆ ಬರುವಷ್ಟರಲ್ಲಿ ಒಡೆಯನಾಗಿ ಕೂತಿತ್ತು. ಪತಿ ಅಂದರೂ ಒಡೆಯನೇ, ಭೂಪತಿ ಸೇನಾಪತಿಗಳ ಹಾಗೆ. ಭಾರ್ಯೆ ಅಂತೂ ಇನ್ನೂ ಚೆಂದ: ಪೋಷಿಸಬೇಕಾದವಳು ಅಂತ ಅರ್ಥ. ಅಪ್ಪನ ಕೆಲಸ ಹೋದ ಆ ಎರಡು ವರ್ಷ ಯಾರು ಯಾರನ್ನು ಪೋಷಿಸಿದರು ಅಂತ ಅವರನ್ನೇ ಕೇಳು.

ಗಂಡ, ಹೆಂಡತಿ ನನಗೆ ಇಷ್ಟ. ಗಂಡು, ಹೆಣ್ಣು ಅನ್ನುವುದರಿಂದಲೇ ಹುಟ್ಟಿದವು, ಒಡೆತನದ ಗೋಜಿಲ್ಲ. ಹಾಗಂತ ಗಂಡ ಪೂರಾ ಸಾಧುವೂ ಅಲ್ಲ. ವಿಜಯನಗರದ ಅರಸರಿಗೆ "ಮೂರುರಾಯರ ಗಂಡ" ಅಂತ ಬಿರುದಿತ್ತು. ಅಲ್ಲಿ ಗಂಡ ಅಂದರೆ ಮೂವರು ರಾಜರನ್ನು ಮಣಿಸಿದ ವೀರ. ನಿಮ್ಮಪ್ಪ ಜಿರಳೆ ಕಂಡರೆ ಕುರ್ಚಿ ಹತ್ತುತ್ತಾರೆ, ಇರಲಿ.

ನಲ್ಲ, ಇನಿಯ ಎಷ್ಟು ಇಂಪು! ಇನಿ ಅಂದರೆ ಸಿಹಿ. ಆದರೆ "ನನ್ನ ಇನಿಯ ಗ್ಯಾಸ್ ಬುಕ್ ಮಾಡಿದ್ದಾನೆ" ಅಂದು ನೋಡು. ಪ್ರಿಯಕರನನ್ನು ಪತ್ರಿಕೆಗಳು ಕೆಡಿಸಿಟ್ಟಿವೆ, ಅವನು ಯಾವಾಗಲೂ ಯಾರನ್ನೋ ಕರೆದುಕೊಂಡು ಪರಾರಿ. ಬಾಳಸಂಗಾತಿಗೆ ಲಗ್ನಪತ್ರಿಕೆಯ ವಾಸನೆ. ಬಾಳನ್ನು ಕಳಚಿ ಬರೀ ಸಂಗಾತಿ ಅಂದರೆ ನಿನಗೆ ಒಗ್ಗೀತೇನೋ. ಗಂಡೋ ಹೆಣ್ಣೋ, ತಾಳಿ ಕಟ್ಟಿದೆಯೋ ಇಲ್ಲವೋ, ಆ ಪದ ಏನನ್ನೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಲಿಲ್ಲ, ಗಮನಿಸಿದೆಯಾ?

ಮೊನ್ನೆ ಅಪ್ಪನ ಫೋನ್ ಸೋಫಾದ ಸಂದಿಯಲ್ಲಿ ಬಿದ್ದಿತ್ತು. ಹುಡುಕಲು ನನ್ನದರಿಂದ ರಿಂಗ್ ಕೊಟ್ಟೆ. ಎಳೆದು ತೆಗೆದರೆ ಪರದೆಯ ಮೇಲೆ "ಮನೆ" ಅಂತ ಬರುತ್ತಿದೆ. ಲ್ಯಾಂಡ್‌ಲೈನ್ ತೆಗೆಸಿದಾಗ ಅದೇ ಹೆಸರಿನಡಿ ನನ್ನ ನಂಬರ್ ಹಾಕಿಕೊಂಡರಂತೆ. "ಬದಲಾಯಿಸಬೇಕಿತ್ತು, ಮರೆತೇ ಹೋಯ್ತು" ಅಂದರು. ಬದಲಾಯಿಸಿ ಅಂತ ನಾನೂ ಅನ್ನಲಿಲ್ಲ.

ಅವನ ಫೋನಿನಲ್ಲಿ ನೀನು ಏನಂತ ಇದ್ದೀಯ? ನೋಡಿ ಹೇಳು.

ಅಮ್ಮ