ದೋರಗಾಯಿಗೂ ಒಂದು ಹೆಸರಿರಲಿ

ಮಾನ್ಯ ಸಂಪಾದಕರೇ,

ಫೋಟೊ ನೋಡಿ ಹಣ್ಣು ಮಾಗಿದೆಯೋ ಇಲ್ಲವೋ ಹೇಳುವ ಯಂತ್ರಗಳ ಬಗ್ಗೆ ಈಚೆಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಮುಳಬಾಗಿಲು ತಾಲ್ಲೂಕಿನಲ್ಲಿ 2 ಎಕರೆ ಟೊಮೆಟೊ ಹಾಕಿದ್ದೇನೆ. ಆದರೆ ಈ ಯಂತ್ರಕ್ಕೆ ಪಾಠ ಹೇಳುವವರು ಯಾರು ಅಂತ ಯಾರೂ ಕೇಳುತ್ತಿಲ್ಲ. ಅದಕ್ಕೇ ಈ ಪತ್ರ.

ನನ್ನ ಮಗಳು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ. ಅವಳ ಪ್ರಾಜೆಕ್ಟ್ ಇದೇ. ಕಳೆದ ಕಟಾವಿನ ದಿನ ತೋಟಕ್ಕೆ ಬಂದು ಗಿಡದ ಕಡೆ ಫೋನ್ ಹಿಡಿದಳು. ಒಂದೊಂದು ಕಾಯಿಯ ಸುತ್ತ ಒಂದೊಂದು ಚೌಕ ಬಿತ್ತು. ಕೆಂಪು ಚೌಕ ಅಂದರೆ ಹಣ್ಣು, ಹಳದಿ ಅಂದರೆ ಅರ್ಧ, ಹಸಿರು ಅಂದರೆ ಕಾಯಿ. ನೋಡೋಕೆ ಚೆನ್ನಾಗಿತ್ತು. ಸುಮಾರು 20 ವರ್ಷದಿಂದ ನಮ್ಮಲ್ಲಿ ಕೀಳಲು ಬರುವ ಅಕ್ಕ ಒಬ್ಬರು ಸುಮ್ನೆ ನೋಡುತ್ತಾ ನಿಂತಿದ್ದರು. ಆಮೇಲೆ ಹಸಿರು ಚೌಕ ಬಿದ್ದಿದ್ದ ಎರಡು ಕಾಯಿ ಕಿತ್ತು ಅವಳ ಕೈಗೆ ಕೊಟ್ಟರು. "ಇವೆರಡೂ ಒಂದೇನಮ್ಮಾ?" ಅಂದರು. ಒಂದು ಕಾಯಿಯ ತುದಿಯಲ್ಲಿ, ಹೂವು ಉದುರಿದ ಜಾಗದಲ್ಲಿ, ಎಂಟಾಣೆ ಅಗಲಕ್ಕೆ ಬಣ್ಣ ತಿರುಗಿತ್ತು. ಇನ್ನೊಂದು ಪೂರ್ತಿ ಹಸಿರು.

ಆ ಎಂಟಾಣೆ ಅಗಲದಲ್ಲೇ ಸ್ವಾಮಿ ನಮ್ಮ ದುಡ್ಡಿರುವುದು. ಬೆಂಗಳೂರಿಗೆ ಹೋಗುವ ಮಾಲು ಕೆಂಪಗಿದ್ದರೂ ನಡೆಯುತ್ತದೆ. ರಾತ್ರಿ ಹೊರಟರೆ ಬೆಳಿಗ್ಗೆ ಅಂಗಡಿಯಲ್ಲಿರುತ್ತದೆ. ಆದರೆ ಕೋಲಾರ, ವಡ್ಡಹಳ್ಳಿ, ಚಿಂತಾಮಣಿ ಮಾರುಕಟ್ಟೆಗಳಿಂದ ಉತ್ತರದ ರಾಜ್ಯಗಳಿಗೂ ಲಾರಿ ಹೋಗುತ್ತವೆ. ದೆಹಲಿ ಇಲ್ಲಿಂದ 2,000 ಕಿ.ಮೀ.ಗೂ ಜಾಸ್ತಿ. ಅಲ್ಲಿಗೆ ಕೆಂಪು ಹಣ್ಣು ತುಂಬಿದರೆ ಕೆಳಗಿನ ಬಾಕ್ಸು ದಾರಿಯಲ್ಲೇ ಸಾರಾಗುತ್ತದೆ. ಎಳೆಗಾಯಿ ತುಂಬಿದರೆ ಸರಿಯಾಗಿ ಹಣ್ಣೇ ಆಗುವುದಿಲ್ಲ, ಸುಕ್ಕುಗಟ್ಟಿ ಕೂರುತ್ತದೆ. ಆ ಲಾರಿಗೆ ಬೇಕಾದದ್ದು ದೋರಗಾಯಿ, ಅಂದರೆ ಬಲಿತು ಆಗಷ್ಟೇ ಬಣ್ಣ ತಿರುಗಲು ಶುರುವಾದ ಕಾಯಿ. ಅದು ದಾರಿಯಲ್ಲಿ ಬಣ್ಣ ಕಟ್ಟಿ, ಇಳಿಸುವ ಹೊತ್ತಿಗೆ ಕೆಂಪಾಗಿರುತ್ತದೆ. ಹಾಗಾಗಿ "ಮಾಗಿದೆಯಾ?" ಅನ್ನುವುದು ನಮಗೆ ಅರ್ಧ ಪ್ರಶ್ನೆ. "ಯಾವ ಊರಿಗೆ?" ಅನ್ನುವುದು ಉಳಿದರ್ಧ.

ಮಗಳು ಯಂತ್ರಕ್ಕೆ ಪಾಠ ಹೇಳಿದ್ದು ಜಪಾನಿನ ಕಂಪನಿಯೊಂದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಫೋಟೊಗಳಿಂದ. ಲ್ಯಾಬೊರೊ ಟೊಮೆಟೊ ಅಂತ ಅದರ ಹೆಸರು. ಪುಗಸಟ್ಟೆ ಕೊಟ್ಟಿದ್ದಾರೆ, ದೊಡ್ಡ ಮನಸ್ಸು. ಅದರಲ್ಲಿ ಮಾಗಿದ್ದನ್ನು ಹೇಳಲು ಇರುವುದು ಮೂರೇ ಗುಂಪು: ಶೇ 90 ಅಥವಾ ಅದಕ್ಕಿಂತ ಹೆಚ್ಚು ಕೆಂಪಾಗಿದ್ದರೆ ಹಣ್ಣು, 30ರಿಂದ 89 ಆದರೆ ಅರ್ಧ ಹಣ್ಣು, 30ರ ಒಳಗಿದ್ದರೆ ಹಸಿರು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಇದೇ ಟೊಮೆಟೊಗೆ ಆರು ಹಂತ ಇವೆ. ಪೂರ್ತಿ ಹಸಿರು ಒಂದು. ಶೇ 10ರವರೆಗೆ ಬಣ್ಣ ಒಡೆದದ್ದು ಇನ್ನೊಂದು. 10ರಿಂದ 30ರವರೆಗೆ ತಿರುಗಿದ್ದು ಮತ್ತೊಂದು. ನಮ್ಮ ದೋರಗಾಯಿ ಈ ಎರಡನೆಯದು ಮತ್ತು ಮೂರನೆಯದು. ಜಪಾನಿನ ಲೆಕ್ಕದಲ್ಲಿ ಈ ಮೂರೂ ಸೇರಿ ಒಂದೇ 'ಹಸಿರು'. ಗಾಜಿನ ಮನೆಯಲ್ಲಿ ಬೆಳೆದು ಗಿಡದಲ್ಲೇ ಕೆಂಪಾದ ಮೇಲೆ ಕೀಳುವವರಿಗೆ ಅಷ್ಟು ಸಾಕು. ದೂರದ ಲಾರಿಗೆ ಕೀಳುವ ನನಗೆ ಸಾಲದು. ಯಂತ್ರ ತಪ್ಪು ಮಾಡಲಿಲ್ಲ. ಅದಕ್ಕೆ ದೋರಗಾಯಿ ಅನ್ನುವ ಮಾತನ್ನೇ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಬಣ್ಣ ಅಳೆಯುವುದು ಯಂತ್ರಕ್ಕೆ ಕಷ್ಟದ ಕೆಲಸ ಅಲ್ಲವಂತೆ. ಮಗಳು ತೋರಿಸಿದಳು. ಹಸಿರಾದರೆ ಮೈನಸ್, ಕೆಂಪಾದರೆ ಪ್ಲಸ್ ಬರುವ ಒಂದು ಅಂಕಿ ಇದೆ. ದೋರಗಾಯಿ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ದಿನವಿಡೀ ನೋಡಿ ನಮ್ಮ ಕಣ್ಣು ದಣಿಯುತ್ತದೆ, ಅದರ ಕಣ್ಣು ದಣಿಯುವುದಿಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಹಸಿರು ನೆರಳು ಪರದೆಯ ಕೆಳಗೆ ಹಿಡಿದರೆ ಅದೇ ಹಣ್ಣಿಗೆ ಬೇರೆ ಅಂಕಿ. ಔಷಧಿ ಹೊಡೆದ ಬಿಳಿ ಕಲೆ ಇದ್ದರೆ ಇನ್ನೊಂದು. ಹಣ್ಣಿನ ಪಕ್ಕ ಒಂದು ಬಿಳಿ ಹಾಳೆ ಇಟ್ಟು ಫೋಟೊ ತೆಗೆದರೆ ಬೆಳಕಿನ ಮೋಸ ತಕ್ಕಮಟ್ಟಿಗೆ ಸರಿಹೋಗುತ್ತದೆ. ಆದರೆ ಕೀಳುವ ಗಡಿಬಿಡಿಯಲ್ಲಿ ಹಾಳೆ ಹಿಡಿದುಕೊಂಡು ನಿಲ್ಲುವವರು ಯಾರು!

ಬೇಸಿಗೆಯ ಕಥೆ ಬೇರೆ. ಟೊಮೆಟೊಗೆ ಕೆಂಪು ಬಣ್ಣ ಕೊಡುವುದು ಲೈಕೋಪೀನ್. ಬಿಸಿಲು 30 ಡಿಗ್ರಿ ದಾಟಿ ಹಾಗೇ ನಿಂತರೆ ಅದು ಸರಿಯಾಗಿ ಕಟ್ಟುವುದಿಲ್ಲ. ಹಣ್ಣು ಒಳಗೆ ಮಾಗಿ ಮೆತ್ತಗಾಗಿದ್ದರೂ ಹೊರಗೆ ಹಳದಿ, ಕಿತ್ತಳೆ ಬಣ್ಣದಲ್ಲೇ ನಿಲ್ಲುತ್ತದೆ. ತಂಪು ಕಾಲದ ಫೋಟೊ ನೋಡಿ ಕಲಿತ ಯಂತ್ರ ಅದನ್ನು 'ಅರ್ಧ' ಅನ್ನುತ್ತದೆ. ನಾವೂ ಅದರ ಮಾತು ಕೇಳಿ ಎರಡು ದಿನ ಬಿಟ್ಟರೆ ಕೆಟ್ಟೆವು.

ಇನ್ನು ಬಲಿತ ಹಸಿರು ಕಾಯಿಗೂ ಎಳೆಗಾಯಿಗೂ ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕೊಯ್ದು ನೋಡಬೇಕು. ಚಾಕುವಿಗೆ ಬೀಜ ತುಂಡಾದರೆ ಅದು ಎಳೆಯದು. ಲೋಳೆಯ ಜೊತೆ ಬೀಜ ಜಾರಿಕೊಂಡರೆ ಬಲಿತಿದೆ. ಟೊಮೆಟೊ ಒಳಗಿನಿಂದಲೇ ಹಣ್ಣಾಗುತ್ತಾ ಬರುತ್ತದೆ. ಸಿಪ್ಪೆ ಹೇಳುವುದು ತಡವಾದ ಸುದ್ದಿ. ಅಕ್ಕ ಮಾತ್ರ ಕೊಯ್ಯುವುದೂ ಇಲ್ಲ. ಹೆಬ್ಬೆರಳಿನಿಂದ ಒಂದು ಸಲ ಸವರುತ್ತಾರೆ, ಅಷ್ಟೇ.

ನನ್ನ ನಿಜವಾದ ಹೆದರಿಕೆ ಮಾರುಕಟ್ಟೆಯದು. ಹೋದ ವರ್ಷ ಒಂದು ಮಂಡಿಯಲ್ಲಿ ನನ್ನ ಮಾಲಿನ ಮೇಲಿನ ಒಂದು ಬಾಕ್ಸ್ ನೋಡಿ "ಕಾಯಿ ಜಾಸ್ತಿ" ಅಂತ ರೇಟು ಇಳಿಸಿದರು. ಅದೇ ಮಾಲನ್ನು ಸಂಜೆ ದೂರದ ಲಾರಿಗೆ ತುಂಬುತ್ತಿದ್ದರು. ಅವರಿಗೂ ಬೇಕಾಗಿದ್ದು ದೋರಗಾಯಿಯೇ ಅಲ್ವಾ? 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿಗೆ ₹2,000 ದಾಟಿದಾಗ ನನ್ನ ಕಾಯಿಯ ಬಣ್ಣ ಯಾರೂ ಕೇಳಲಿಲ್ಲ. ರೇಟು ಬಿದ್ದಾಗಲೇ ಬಣ್ಣದ ತಕರಾರು ಶುರು. ಇವತ್ತು ಮನುಷ್ಯ "ಕಾಯಿ" ಅಂದರೆ ಜಗಳವಾದರೂ ಆಡಬಹುದು. ನಾಳೆ ಯಂತ್ರವೇ "ಶೇ 62 ಹಸಿರು" ಅಂತ ಚೀಟಿ ಕೊಟ್ಟರೆ ಯಾರ ಹತ್ತಿರ ಆಡುವುದು? ಹರಾಜಿನ ಕಟ್ಟೆಗೆ ಕ್ಯಾಮೆರಾ ಬರುವುದಾದರೆ ಅದರ ಪರದೆ ನಮ್ಮ ಕಡೆಗೂ ತಿರುಗಿರಲಿ. ಮಾಲು ಯಾವ ಊರಿಗೆ ಅನ್ನುವುದೂ ಅದರಲ್ಲಿ ಕಾಣಲಿ.

ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ರಕ್ಷಕ್ ಟೊಮೆಟೊ ತಳಿ ಕೊಟ್ಟು ಎಲೆ ಮುದುಡು ರೋಗದಿಂದ ಎಷ್ಟೋ ತೋಟ ಉಳಿಸಿದೆ. ಇಂಥವರು ಮನಸ್ಸು ಮಾಡಿದರೆ ನಮ್ಮದೇ ಫೋಟೊ ಸಂಗ್ರಹ ಮಾಡುವುದು ದೊಡ್ಡ ಮಾತಲ್ಲ. ಕೋಲು ಕಟ್ಟಿದ ಸಾಲು, ಎಲೆ ಮರೆಯ ಕಾಯಿ, ಏಪ್ರಿಲ್ ಬಿಸಿಲಿನ ಹಳದಿ ಹಣ್ಣು, ತೊಟ್ಟಿನ ಸುತ್ತ ಹಸಿರು ಉಳಿಯುವ ನಾಟಿ ಟೊಮೆಟೊ, ಎಲ್ಲವೂ ಅದರಲ್ಲಿರಲಿ. ಗುಂಪು ಮೂರಲ್ಲ, ಆರು ಇರಲಿ. ಪ್ರತಿ ಕಾಯಿ ಯಾವ ಗುಂಪಿಗೆ ಸೇರುತ್ತದೆ ಅನ್ನುವುದನ್ನು ಹಾಸ್ಟೆಲಿನಲ್ಲಿ ಕೂತ ಹುಡುಗರು ಬರೆಯುವುದು ಬೇಡ. ಕೀಳುವ ಹೆಂಗಸರು ಹೇಳಲಿ. ಅದೂ ಕೆಲಸವೇ, ಅದಕ್ಕೂ ಕೂಲಿ ಕೊಡಲಿ.

ಮಗಳು ಈಗ ಸಂಜೆ ಹೊತ್ತು ಆ ಅಕ್ಕನನ್ನು ಜಗುಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಫೋಟೊಗಳಿಗೆಲ್ಲ ಹೊಸದಾಗಿ ಗುರುತು ಹಾಕುತ್ತಿದ್ದಾಳೆ. ನಮ್ಮ ತೋಟದ 400 ಫೋಟೊ ಮುಗಿದಿವೆ. ಕೆಲವು ಬಂದಾಗ ಅಕ್ಕ ತಲೆ ಆಡಿಸಿ, "ಇದು ನೋಡಿದರೆ ಗೊತ್ತಾಗಲ್ಲಮ್ಮಾ, ಮುಟ್ಟಬೇಕು" ಅನ್ನುತ್ತಾರೆ. ಅಂಥವುಗಳಿಗೆ ಅವಳು ಬೇರೆ ಫೋಲ್ಡರ್ ಮಾಡಿಟ್ಟಿದ್ದಾಳೆ.

ಇಂತಿ,
ಒಬ್ಬ ಟೊಮೆಟೊ ಬೆಳೆಗಾರ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ