ಕುಡಿತದ ಇಂಗ್ಲಿಷ್ ಪದಗಳಿಗೆ ಕಟ್ಟುಕಥೆ ಬೇಡ

ಮಾನ್ಯ ಸಂಪಾದಕರೇ,

ಕುಡಿತಕ್ಕೆ ಸಂಬಂಧಿಸಿದ ಇಂಗ್ಲಿಷ್ ಆಡುನುಡಿಗಳ ‘ಮೂಲ’ ಹೇಳುವ ತುಣುಕುಗಳು ವಾಟ್ಸ್‌ಆ್ಯಪ್‌ನಿಂದ ಪತ್ರಿಕೆಗಳ ಪುರವಣಿಗೂ ಕ್ವಿಜ್ ಅಂಕಣಗಳಿಗೂ ದಾಟುತ್ತಿವೆ. ಅವುಗಳಲ್ಲಿ ಎಷ್ಟೋ ಬರೀ ಕಟ್ಟುಕಥೆ. ಸುಳ್ಳು ಹಿಡಿಯಲು ಭಾರೀ ಪಾಂಡಿತ್ಯವೇನೂ ಬೇಡ. ಆ ಪದ ಬರಹದಲ್ಲಿ ಮೊದಲು ಸಿಗುವುದು ಯಾವಾಗ, ಎಲ್ಲಿ ಎಂದು ಒಳ್ಳೆಯ ನಿಘಂಟಿನಲ್ಲಿ ನೋಡಿ, ಕಥೆ ನಡೆದದ್ದೆನ್ನುವ ಕಾಲಕ್ಕೂ ಊರಿಗೂ ತಾಳೆ ಹಾಕಿದರೆ ಸಾಕು.

ಕುಡಿತ ಬಿಟ್ಟವನನ್ನು ‘ಆನ್ ದಿ ವ್ಯಾಗನ್’ ಎನ್ನುತ್ತಾರೆ. ಲಂಡನ್ನಿನ ಟೈಬರ್ನ್‌ಗೆ ಗಲ್ಲಿಗೆ ಒಯ್ಯುವ ಕೈದಿಗೆ ದಾರಿಯಲ್ಲಿ ಕೊನೆಯ ಗುಟುಕು ಕುಡಿಸಿ ಮತ್ತೆ ಗಾಡಿ ಹತ್ತಿಸುತ್ತಿದ್ದರಂತೆ, ಅದರಿಂದ ಬಂತಂತೆ. ಟೈಬರ್ನ್‌ನಲ್ಲಿ ಗಲ್ಲು ನಿಂತದ್ದು 1783ರಲ್ಲಿ. ಈ ಮಾತು ತಲೆ ಎತ್ತಿದ್ದು 1900ರ ಆಸುಪಾಸು, ಅದೂ ಅಮೆರಿಕದಲ್ಲಿ, ‘ವಾಟರ್ ವ್ಯಾಗನ್’ ಎಂಬ ರೂಪದಲ್ಲಿ. ಧೂಳು ಏಳದಂತೆ ಬೀದಿಗೆ ನೀರು ಚಿಮುಕಿಸುವ ಗಾಡಿ ಅದು. ಇನ್ನು ನೀರೇ ಗತಿ ಎಂಬ ತಮಾಷೆ.

ಮದ್ಯಕ್ಕೆ ಹೇಳುವ ‘ಬೂಜ್’ ಪದವನ್ನು ಅಮೆರಿಕದ ಫಿಲಡೆಲ್ಫಿಯಾದ ಬೂಜ್ ಎಂಬ ವಿಸ್ಕಿ ವ್ಯಾಪಾರಿಗೆ ಗಂಟು ಹಾಕುವುದುಂಟು. ಅವನ ಹೆಸರಿನ ಸೀಸೆಗಳು ಇದ್ದದ್ದು ನಿಜ, ಆದರೆ ಅವು 19ನೇ ಶತಮಾನದವು. ಪದ ಬಂದದ್ದು ಮಧ್ಯಕಾಲದ ಡಚ್ ಭಾಷೆಯಿಂದ. ಅದೇ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲಿ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ ಕುಡುಕರ ಪದಪಟ್ಟಿಯಲ್ಲೇ ‘ಬೂಜಿ’ (ಅಮಲೇರಿದ) ಇದೆ. ಇನ್ನೂರಕ್ಕೂ ಹೆಚ್ಚು ಮಾತುಗಳ ಆ ಪಟ್ಟಿ ಓದಲು ಸೊಗಸು: ‘ತಲೆ ತುಂಬ ಜೇನುನೊಣ’, ‘ಅವನಿಗೆ ಎರಡು ಚಂದ್ರ ಕಾಣುತ್ತವೆ’, ‘ಜೆರುಸಲೇಮಿಗೆ ಹೊರಟಿದ್ದಾನೆ’. ‘ಆಯಿಲ್ಡ್’ (ಎಣ್ಣೆ ಹಾಕಿದ) ಕೂಡ ಅಲ್ಲಿದೆ. ಅದಕ್ಕೂ ನಮ್ಮ ‘ಎಣ್ಣೆ’ಗೂ ನಂಟು ಹಚ್ಚಿ ಯಾರೂ ಹೊಸ ಕಥೆ ಹೊಸೆಯದಿರಲಿ.

ಹಾಗೆಂದು ಎಲ್ಲ ಕಥೆಯೂ ಸುಳ್ಳಲ್ಲ. ನೀರು ಬೆರೆಸಿದ ರಮ್ಮಿಗೆ ಹೇಳುವ ‘ಗ್ರಾಗ್’ಗೆ ಗಟ್ಟಿ ದಾಖಲೆಯಿದೆ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವೆರ್ನನ್ ‘ಗ್ರೋಗ್ರಮ್’ ಎಂಬ ಒರಟು ಬಟ್ಟೆಯ ಮೇಲಂಗಿ ತೊಡುತ್ತಿದ್ದರಿಂದ ನಾವಿಕರು ಅವನನ್ನು ‘ಓಲ್ಡ್ ಗ್ರಾಗ್’ ಎನ್ನುತ್ತಿದ್ದರು. ದಿನದ ಅರ್ಧ ಪೈಂಟ್ ರಮ್ಮನ್ನು ನಾವಿಕರು ನೀರು ಬೆರೆಸದೆ ಒಂದೇ ಸಲ ಏರಿಸಿ ಕೆಲಸ ಕೆಡಿಸುತ್ತಿದ್ದುದರಿಂದ ವೆರ್ನನ್ 1740ರ ಆಗಸ್ಟ್ 21ರಂದು ಆಜ್ಞೆ ಹೊರಡಿಸಿದ: ಅಷ್ಟು ರಮ್‌ಗೆ ಒಂದು ಕ್ವಾರ್ಟ್, ಅಂದರೆ ನಾಲ್ಕು ಪಾಲು ನೀರು, ಬೆರೆಸುವುದು ಡೆಕ್ಕಿನ ಮೇಲೆ, ಅಧಿಕಾರಿಯ ಕಣ್ಣೆದುರು, ಹಂಚುವುದು ದಿನಕ್ಕೆರಡು ಸಲ. ಆ ನೀರುರಮ್ಮಿಗೆ ಅವನ ಅಡ್ಡಹೆಸರೇ ಅಂಟಿತು. ಮಂಪರು ಹಿಡಿದವನಿಗೆ ಹೇಳುವ ‘ಗ್ರಾಗಿ’ ಹುಟ್ಟಿದ್ದೂ ಅಲ್ಲಿಂದಲೇ. ನೌಕಾಪಡೆಯ ರಮ್ ಪಡಿತರ ನಿಂತದ್ದು 1970ರ ಜುಲೈ 31ರಂದು.

ಪೂರ್ತಿ ಅಮಲೇರಿದವನಿಗೆ ಹೇಳುವ ‘ತ್ರೀ ಶೀಟ್ಸ್ ಟು ದಿ ವಿಂಡ್’ ಕೂಡ ಹಡಗಿನದೇ. ಇದನ್ನು ‘ಮೂರು ಹಾಯಿ’ ಎಂದು ವಿವರಿಸುವುದು ತಪ್ಪು. ಹಡಗಿನಲ್ಲಿ ಶೀಟ್ ಎಂದರೆ ಹಾಯಿಯ ಕೆಳತುದಿಯನ್ನು ಬಿಗಿಹಿಡಿಯುವ ಹಗ್ಗ. ಅದು ಸಡಿಲಾದರೆ ಹಾಯಿ ಗಾಳಿಗೆ ಪಟಪಟ ಬಡಿಯುತ್ತದೆ, ಹಡಗು ಹಿಡಿತ ತಪ್ಪಿ ಓಲಾಡುತ್ತದೆ. ಒಂದು ಹಗ್ಗ ಬಿಚ್ಚಿದರೆ ಅಲ್ಪ ಅಮಲು, ಮೂರೂ ಬಿಚ್ಚಿದರೆ ಪೂರ್ತಿ.

ಇಷ್ಟೊಂದು ಪದಗಳೇಕೆ ಎಂದರೆ, ತಯಾರಿ ಸುಲಭ. ಕ್ರಿಯಾಪದವೋ ನಾಮಪದವೋ, ಯಾವುದಕ್ಕಾದರೂ ‘-ಎಡ್’ ಹಚ್ಚಿ: ಹ್ಯಾಮರ್ಡ್, ಪ್ಲಾಸ್ಟರ್ಡ್, ಪಿಕಲ್ಡ್, ಎಲ್ಲಕ್ಕೂ ಅರ್ಥ ಅಮಲೇರಿದ ಎಂದೇ. ಜರ್ಮನಿಯ ಇಬ್ಬರು ಭಾಷಾವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮಲಿಗೆ 546 ಇಂಗ್ಲಿಷ್ ಮಾತುಗಳಿವೆ. ಇಂಥವಕ್ಕೆ ಒಂದೊಂದಕ್ಕೂ ಬೇರೆ ಮೂಲಕಥೆ ಹುಡುಕುವುದೇ ದಂಡ.

ನಮ್ಮ ಕಡೆಯಿಂದ ಹೋದವೂ ಇವೆ. ‘ಟಾಡಿ’ ಹಿಂದಿಯ ತಾಡಿಯಿಂದ, ಅಂದರೆ ತಾಳೆಮರದ ಹೆಂಡದಿಂದ ಬಂದದ್ದು. ಸ್ಕಾಟ್ಲೆಂಡಿನವರ ‘ಹಾಟ್ ಟಾಡಿ’ಯಲ್ಲಿ ಮಾತ್ರ ಹೆಂಡದ ಹನಿಯೂ ಇಲ್ಲ, ಬರೀ ವಿಸ್ಕಿ, ಬಿಸಿನೀರು, ಸಕ್ಕರೆ ಅಥವಾ ಜೇನು, ನಿಂಬೆ. ಹಲವು ಸಾಮಗ್ರಿ ಬೆರೆಸಿದ ಪಾನೀಯ ‘ಪಂಚ್’ ಐದು ಸಾಮಗ್ರಿಯ ‘ಪಂಚ’ದಿಂದ ಬಂತೆಂದು ಹೆಮ್ಮೆಯಿಂದ ಬರೆಯುವವರು ತುಸು ತಡೆಯಬೇಕು. ಪದ 1632ರಷ್ಟು ಹಿಂದೆಯೇ ಸಿಗುತ್ತದೆ, ಭಾರತದ ನಂಟೂ ಇದೆ, ಆದರೆ ಹಳೆಯ ಪಂಚ್‌ಗಳಲ್ಲಿ ಸಾಮಗ್ರಿ ಐದೇ ಎಂಬ ಕಟ್ಟುಪಾಡಿಲ್ಲ. ಅಂಥ ಕಡೆ ‘ಇರಬಹುದು’ ಎಂದೇ ಅಚ್ಚಾಗಲಿ.

– ಇಂಗ್ಲಿಷ್ ಅಧ್ಯಾಪಕ, ಶಿವಮೊಗ್ಗ