ಹಡಗು ಪ್ರವಾಸ: ಮಕ್ಕಳ ಕಾಗದಪತ್ರ ಈಗಲೇ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯ ಸಿಂಗಪುರ ಕ್ರೂಸ್‌ಗೆ ಹೆಸರು ಕೊಟ್ಟವರು ಇದನ್ನು ಪೂರ್ತಿ ಓದಿ. ತಕರಾರು ಜಾಸ್ತಿ ಬರೋದು ಮಕ್ಕಳ ಕಾಗದಪತ್ರದಲ್ಲೇ.

ಕೈಕೂಸಾದರೂ ಸ್ವಂತ ಪಾಸ್‌ಪೋರ್ಟ್ ಬೇಕು. ಮಕ್ಕಳದ್ದು ಸಾಮಾನ್ಯವಾಗಿ 5 ವರ್ಷಕ್ಕೇ ಮುಗಿಯುತ್ತದೆ, ನಮ್ಮ ಹಾಗೆ 10 ಅಲ್ಲ. ಮನೇಲಿ ಇದೆ ಅಂತ ಸುಮ್ನೆ ಕೂರಬೇಡಿ, ಬೀರುವಿನಿಂದ ತೆಗೆದು ತಾರೀಖು ನೋಡಿ. ಪ್ರಯಾಣದ ಹೊತ್ತಿಗೆ ಇನ್ನೂ 6 ತಿಂಗಳು ಅವಧಿ ಉಳಿದಿರಬೇಕು.

ಹೊಸದಾಗಿ ಮಾಡಿಸುವವರು ಬೆಂಗಳೂರಿಗೆ ಓಡಬೇಕಿಲ್ಲ, ಬಳ್ಳಾರಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವೇ ಇದೆಯಲ್ಲ. ತಂದೆ ತಾಯಿ ಇಬ್ಬರೂ ಸಹಿ ಹಾಕಿದ ಅನುಬಂಧ ‘ಡಿ’ (ಮಗುವಿನ ಪಾಸ್‌ಪೋರ್ಟಿಗೆ ಹೆತ್ತವರು ಕೊಡುವ ಘೋಷಣಾ ಪತ್ರ) ಬೇಕು. ಮಗುವಿಗೆ 4 ವರ್ಷ ತುಂಬಿಲ್ಲ ಅಂದರೆ ಬಿಳಿ ಹಿನ್ನೆಲೆಯ ಫೋಟೊ ನೀವೇ ಒಯ್ಯಿರಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಹುಟ್ಟಿದ ತಾರೀಖಿನ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ. ನಾಮಕರಣಕ್ಕೆ ಮುಂಚೆ ತಂದ ಪತ್ರದಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರಲ್ಲ. ಅಂಥವರು ಮೊದಲು ಹೆಸರು ಸೇರಿಸಿಕೊಂಡು ಬನ್ನಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಕೆ.’, ‘ಟಿ.’ ಅಂತ ಇನಿಶಿಯಲ್ ಬರೆಯಬೇಡಿ, ಬಿಡಿಸಿ ಬರೆಯಿರಿ.

ವೀಸಾ ಮಗುವಿಗೂ ಬೇರೆ. ಹಡಗು ಮಲೇಷ್ಯಾಕ್ಕೆ ಹೋಗಿ ಮತ್ತೆ ಸಿಂಗಪುರಕ್ಕೆ ಬರುತ್ತದೆ ಅಲ್ವಾ? ಎರಡನೇ ಸಲವೂ ಒಳಗೆ ಬಿಡುವ ವೀಸಾನಾ ನೋಡಿಕೊಳ್ಳಿ.

ಮೊಮ್ಮಕ್ಕಳನ್ನು ಕರೆದೊಯ್ಯುವ ಅಜ್ಜ ಅಜ್ಜಿಯರು, ಮಗುವಿನ ತಂದೆ ತಾಯಿಯ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ.

ಭಾನುವಾರದೊಳಗೆ ಅವಧಿ ಮುಗಿಯುವ ತಾರೀಖು ಮಾತ್ರ ನನಗೆ ಕಳಿಸಿ. ಪಾಸ್‌ಪೋರ್ಟಿನ ಫೋಟೊ ಗುಂಪಿನಲ್ಲಿ ಹಾಕಬೇಡಿ, ದಯವಿಟ್ಟು.